ವಿಶ್ರಾಮ್ ಎನ್ನದ ಗಂಟಲು

ಯಾರು ಏನೇ ಅಂದುಕೊಳ್ಳಲಿ, ಸೀಟಿ ಊದುವ ಡ್ರಿಲ್ ಮಾಸ್ತರನನ್ನು ನಾನು ಮಾಸ್ತರನೆಂದು ಒಪ್ಪಿದವನೇ ಅಲ್ಲ. ಕೊಟ್ಟೂರಿನ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಬರೀ ಗಂಟಲಿನಿಂದಲೇ ಮಕ್ಕಳನ್ನು ನಿಲ್ಲಿಸಿ, ಕೂರಿಸಿ, ಓಡಿಸಿದ್ದೇನೆ. 'ಸಾಲಿನಲ್ಲಿ ನಿಂತ ಮೇಲೆ ನನ್ನ ಮಾತು ಬಿಟ್ಟು ಯಾರ ಮಾತಿಗೂ ಅಲುಗಾಡಕೂಡದು' ಎಂದು ತಾಕೀತೂ ಮಾಡಿದ್ದೆ. ನಮ್ಮ ಹೆಡ್‌ಮಿಸ್ ಶಾರದಮ್ಮನವರು ಪ್ರತಿ ವರ್ಷ ಒಂದು ಸೀಟಿ ತರಿಸಿಕೊಡುವರು. ನಾನು ಅದನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬರುವೆ.

ತೊಂಬತ್ತರ ದಶಕದ ಕೊನೆಯ ಮಾತು. ಸ್ವಾತಂತ್ರ್ಯ ದಿನಾಚರಣೆಗೆ ನಾಲ್ಕೇ ದಿನ ಇರುವಾಗ ಗಂಟಲು ಕೈಕೊಟ್ಟಿತು. ಔಷಧಿ ಅಂಗಡಿಯ ಬಸಣ್ಣ ಚೀಪುವ ಮಾತ್ರೆಗಳ ಸ್ಟ್ರಿಪ್ ಒಂದನ್ನು ಕೊಟ್ಟು, ಜೊತೆಗೆ ಪಾಠವನ್ನೂ ಶುರುಮಾಡಿದ. "ಇದು ರೋಗ ಕಳೆಯೋ ಔಷಧ ಅಲ್ರಿ ಸರ. ಚೀಪಿದರ ಎಂಜಲು ಊರಿ ಗಂಟಲು ಹಸಿ ಆಗತೈತಿ, ನೋವು ಸ್ವಲ್ಪ ಹೊತ್ತು ಮರಗಟ್ಟತೈತಿ, ಅಷ್ಟ. ಕಡೀಬ್ಯಾಡ್ರಿ, ನಿಧಾನ ಕರಗಿಸ್ರಿ. ಸ್ಟ್ರಿಪ್ ಮ್ಯಾಲೆ ಬರದಷ್ಟ ತಗೋರಿ. ಬಾಯಾಗ ಇಟಗೊಂಡು ಮಲಗಬ್ಯಾಡ್ರಿ, ಸಣ್ಣ ಹುಡುಗರಿಗೆ ಕೊಡಬ್ಯಾಡ್ರಿ. ಎರಡು ದಿನಕ್ಕ ಕಮ್ಮಿ ಆಗಲಿಲ್ಲಂದ್ರ ಡಾಕ್ಟರಿಗೆ ತೋರಸ್ರಿ. ಅಲ್ಲೀಮಟ ಬಾಯಿ ಮುಚಗೊಂಡಿರ್ರಿ."

ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಹೇಳುವುದೇ! ಅವನ ಕಣ್ಣೆದುರೇ ಎರಡನ್ನು ಕಟಕಟನೆ ಕಡಿದು ನುಂಗಿದೆ.

ನೋವು ಮಾಯವಾಯಿತು, ನಾಲಗೆಯೂ ಮರಗಟ್ಟಿತು. ಅದೇ ಹುರುಪಿನಲ್ಲಿ ಮಂಡಕ್ಕಿ ಅಂಗಡಿಗೆ ಹೋಗಿ ಆರು ಮಿರ್ಚಿ ತಿಂದು, ಖಾರವೇ ಇಲ್ಲವೆಂದು ಜಗಳ ತೆಗೆದೆ. "ಖಾರ ಇಲ್ಲಂದ್ರ ಕಣ್ಣಾಗ ನೀರು ಯಾಕ ಬರಾಕತ್ತೈತ್ರಿ ಮತ್ತ?" ಎಂದಳು ಅಂಗಡಿಯಾಕೆ. ಮನೆಗೆ ಬಂದರೆ ಹೆಂಡತಿ ಗಿರಿಜೆಯ ಸರದಿ. "ನೋವು ಗೊತ್ತಾಗಲಿಲ್ಲ ಅಂದ್ರ ಗಂಟಲು ನೆಟ್ಟಗಾತು ಅಂತಲ್ಲ. ಹಟ ಬಿಡ್ರಿ." ಬಿಡುವವನು ನಾನಲ್ಲ. ನೋವು ಮತ್ತೆ ತಲೆಯೆತ್ತಿದಾಗಲೆಲ್ಲ ಒಂದು ಮಾತ್ರೆ ಕಡಿದು, ಮೊದಲಿಗಿಂತ ಜೋರಾಗಿ ಕೂಗಿ ತಾಲೀಮು ಮಾಡಿಸಿದೆ.

ಆ ದಿನ ಬಂತು. "ಸಾವಧಾನ್!" ಎಂದೆ. ಇಡೀ ಶಾಲೆ ಗಕ್ಕನೆ ನಿಂತಿತು. ಧ್ವಜ ಏರಿತು, ರಾಷ್ಟ್ರಗೀತೆ ಮುಗಿಯಿತು. ವಿಶ್ರಾಮ್ ಎನ್ನಲು ಬಾಯಿ ತೆರೆದರೆ ಬರೀ ಗಾಳಿ! ಮತ್ತೆ ತೆರೆದೆ, ಮತ್ತೂ ಗಾಳಿ. ಶಾರದಮ್ಮನವರೇ ವಿಶ್ರಾಮ್ ಎಂದರು, ಒಬ್ಬರೂ ಅಲುಗಲಿಲ್ಲ. ಅತಿಥಿಗಳೇ "ಕೂಡ್ರಿ ಮಕ್ಕಳ" ಎಂದರು; ಊಹೂಂ. ಬಿಸಿಲು ಏರುತ್ತಿತ್ತು. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳ ಕಾಲು ನಡುಗುತ್ತಿತ್ತು, ಆದರೂ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ, ಅತಿಥಿಗಳ ಎದುರು, ಮಣ್ಣಿನಲ್ಲಿ ದೊಪ್ಪನೆ ಕುಳಿತುಬಿಟ್ಟೆ. ಅದನ್ನು ನೋಡಿ ಮಕ್ಕಳೆಲ್ಲ ಗೊಳ್ಳೆಂದು ನಕ್ಕು ತಾವೂ ಕುಳಿತವು.

ಶಾರದಮ್ಮನವರು ಆ ವರ್ಷದ ಸೀಟಿಯನ್ನು ತಂದು ನನ್ನ ಕೊರಳಿಗೆ ಹಾಕಿದರು. ಸೋತೆ ಎಂದು ನಾನು ಅವರ ಮುಂದೆ ಹೇಳಲಿಲ್ಲ, ಬಸಣ್ಣನ ಮುಂದೆ ಹೇಳಲಿಲ್ಲ, ಗಿರಿಜೆಯ ಮುಂದಂತೂ ಮೊದಲೇ ಇಲ್ಲ. ಅಂದು ಸಂಜೆ ಗಂಟಲು ತೋರಿಸಲು ಹೋದಾಗ ಎಂಟು ದಿನ ತುಟಿ ಬಿಚ್ಚಕೂಡದೆಂದು ಡಾಕ್ಟರು ಹೇಳಿದ್ದರಲ್ಲ, ಜೀವಮಾನದಲ್ಲಿ ಮೊದಲ ಸಲ ಡಾಕ್ಟರ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ.