‘ಅಗ್ರೀ ಟು ಡಿಸಗ್ರೀ’ ಸಾಹೇಬರಿಗೆ, ಕುಗ್ಗಿದ ನಲವತ್ತು ಅಂಗಿಗಳ ವಿಷಯವಾಗಿ

ಮಾನ್ಯ ‘ಅಗ್ರೀ ಟು ಡಿಸಗ್ರೀ’ ಸಾಹೇಬರ ಸನ್ನಿಧಾನಕ್ಕೆ,

ಸೂಜಿ ಹಿಡಿಯುವ ಕೈಯಿಂದ ಸಾವಿರ ನಮಸ್ಕಾರಗಳು. ಇಂಗ್ಲಿಷ್ ಬಾರದ ನನಗೆ ತಮ್ಮ ಪರಿಚಯ ಮಾಡಿಸಿದವರು ನಮ್ಮ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್. ಇಬ್ಬರ ಮಾತು ಕೂಡದಿದ್ದಾಗ ನಿನ್ನದು ನಿನಗೆ, ನನ್ನದು ನನಗೆ ಎಂದು ಒಪ್ಪಿ ಜಗಳ ಬಿಡುವುದೇ ತಮ್ಮ ಅರ್ಥವೆಂದು ಅವರು ಬಿಡಿಸಿ ಹೇಳಿದಾಗ, ಇಂಥ ಮದ್ದು ಮನೆಯಲ್ಲಿದ್ದಿದ್ದರೆ ನಮ್ಮಮ್ಮನೂ ಸೋದರತ್ತೆಯೂ ಹನ್ನೊಂದು ವರ್ಷ ಮಾತು ಬಿಡುತ್ತಿರಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು.

ದೂರು ಇರುವುದು ತಮ್ಮ ಬಳಕೆಯ ಬಗ್ಗೆ. ಆಸ್ಪತ್ರೆಯ ದಾದಿಯರ ನಲವತ್ತು ಅಂಗಿಗೆ ಬಟ್ಟೆ ಬಂದಾಗ, ನೆನೆಸದೆ ಕತ್ತರಿಸಿದರೆ ಕುಗ್ಗುತ್ತದೆ ಎಂದೆ. “ಕುಗ್ಗಲ್ಲಮ್ಮಾ, ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ” ಎಂದರು ಮಾಸ್ಟರ್. ಮೊಳದಷ್ಟು ತುಂಡು ನೆನೆಸಿ, ಒಣಗಿಸಿ, ಟೇಪು ಹಿಡಿದು ತೋರಿಸಿದೆ. ಎರಡು ಬೆರಳು ಕಡಿಮೆ. ಅವರು ಟೇಪನ್ನು ನೋಡಿದರು, ನನ್ನನ್ನು ನೋಡಿದರು, ‘ಅಗ್ರೀ ಟು ಡಿಸಗ್ರೀ’ ಎಂದು ತಮ್ಮ ಹೆಸರು ಹೇಳಿ ಕತ್ತರಿ ಎತ್ತಿದರು. ಟೇಪಿನ ಬಾಯನ್ನೇ ಮುಚ್ಚಿಸಿದ ತಮ್ಮ ಮಹಿಮೆ ದೊಡ್ಡದು.

ಒಂದೇ ಒಗೆತಕ್ಕೆ ನಲವತ್ತೂ ವಾಪಸ್ ಬಂದವು. “ಇದು ನನಗೋ, ನನ್ನ ಮೊಮ್ಮಗಳಿಗೋ?” ಎಂದು ಹಿರಿಯ ದಾದಿ ಒಂದನ್ನು ಮೇಜಿನ ಮೇಲೆ ಎಸೆದರು. “ಹೊಲಿಗೆ ಬಿಗಿ ಹಿಡಿದವಳು ಇವಳೇ ನೋಡಿ” ಎಂದು ಮಾಸ್ಟರ್ ನನ್ನತ್ತ ಬೆರಳು ತೋರಿಸಿದರು. ಆಗ ನಾನು ತಲೆ ತಗ್ಗಿಸಿಕೊಂಡೇ, ಹುಟ್ಟಿದಾಗಿನಿಂದ ಮೊದಲ ಸಲ, ತಮ್ಮ ಹೆಸರು ಎತ್ತಿದೆ. “ಎದುರುತ್ತರ ಬೇರೆ! ನಾಳೆಯಿಂದ ಈ ಕಡೆ ತಲೆ ಹಾಕಬೇಡ” ಎಂದುಬಿಟ್ಟರು ಮಾಸ್ಟರ್. ಅವರ ಬಾಯಲ್ಲಿ ದೊಡ್ಡತನವಾಗಿದ್ದ ತಾವು ನನ್ನ ಬಾಯಿಗೆ ಬಂದೊಡನೆ ಅಧಿಕಪ್ರಸಂಗವಾದಿರಿ. ತಾವೂ ನೀರಿನಂತೆ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವವರೆಂದು ತಿಳಿಯಲು ನನಗೆ ಎಂಟು ವರ್ಷದ ಕೆಲಸ ಹೋಗಬೇಕಾಯಿತು.

ಆದಕಾರಣ ತಾವು ಖುದ್ದಾಗಿ ದಯಮಾಡಿಸಿ, ಆ ನಲವತ್ತರಲ್ಲಿ ಒಂದನ್ನು ತೊಟ್ಟು, ಎಲ್ಲರೆದುರು ಎರಡೂ ಕೈ ಮೇಲೆತ್ತಿ ತೋರಿಸಬೇಕು. ಅದು ತಮ್ಮ ಘನತೆಗೆ ಕಡಿಮೆ ಎನಿಸಿದರೆ ದಾದಿಯರನ್ನೆಲ್ಲ ತಲಾ ಎರಡು ಬೆರಳು ಕುಗ್ಗಿಸಿಕೊಡಬೇಕು. ಅದೂ ಆಗದಿದ್ದರೆ, ನೀರು ಕಂಡಾಗ ತನ್ನ ಅಭಿಪ್ರಾಯ ತನ್ನಲ್ಲೇ ಇಟ್ಟುಕೊಳ್ಳುವಂತೆ ಬಟ್ಟೆಗಾದರೂ ಬುದ್ಧಿ ಹೇಳಬೇಕು.

ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮಿಷನ್ನಿನವಳು

ಹೇಳಲು ಮರೆತದ್ದು: ನನ್ನ ಕೆಲಸ ಹೋಯಿತು ಎಂಬುದು ಮಾಸ್ಟರ್ ಅವರ ಅಭಿಪ್ರಾಯ. ಹೋಗಿಲ್ಲ ಎಂಬುದು ನನ್ನದು. ತಮ್ಮ ಮೇಲಿನ ಗೌರವದಿಂದ ನಾನು ಇದಕ್ಕೆ ಜಗಳ ಮಾಡುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಿಷನ್ನಿಗೆ ಎಣ್ಣೆ ಬಿಡುತ್ತಾ ಕೂತಿರುತ್ತೇನೆ.