ಮನೆ ಸಂಖ್ಯೆ ೯ರ ಐದು ಮತ್ತು ಆರನೇ ಮೆಟ್ಟಿಲುಗಳ ಬಗ್ಗೆ

ವಸಾಹತು ಕಾಲದ ಮರದ ಮನೆಗಳ ಛಾಯಾಚಿತ್ರ ದಾಖಲೀಕರಣ ಇಲಾಖೆ

ಸಂಖ್ಯೆ: ಮಮ/ಛಾದಾ/೯/ಮೆಟ್ಟಿಲು ೫–೬

ವಿಷಯ: ಸದರಿ ಮನೆಯ ಮಹಡಿಯಲ್ಲಿ ಉಳಿದುಹೋಗಿರುವ ಟೈಲರಮ್ಮನವರ ಕುರಿತು.

ಉಲ್ಲೇಖ: (೧) ಇಲಾಖೆಯ ಫೋಟೊ ಸಂಖ್ಯೆ ೧೧೨. (೨) ಸದರಿಯವರು ಕಿಟಕಿಯಿಂದ ಹಾಕಿದ ಕೂಗು.

ಇಲಾಖೆಯ ಫೋಟೊಗ್ರಾಫರರು ಸದರಿ ಮನೆಯ ಮರದ ಮೆಟ್ಟಿಲುಗಳ ಫೋಟೊ ತೆಗೆದು ಇಳಿಯುವಾಗ ಕ್ಯಾಮೆರಾ ಸ್ಟ್ಯಾಂಡು ಸಮೇತ ಬಿದ್ದು, ಎರಡು ಹಲಗೆಗಳು ಮುರಿದಿರುತ್ತವೆಂದು ದೂರಲಾಗಿದೆ. ಮೊಣಕಾಲು ನೋವಿನ ಟೈಲರಮ್ಮನವರು ಹತ್ತೊಂಬತ್ತು ದಿನಗಳಿಂದ ಮೇಲೆಯೂ, ಅವರ ಹೊಲಿಗೆ ಯಂತ್ರವು ಕೆಳಗೂ ಇರುತ್ತವೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

೧. ಫೋಟೊದಲ್ಲಿ ಹನ್ನೆರಡೂ ಮೆಟ್ಟಿಲುಗಳು ಗಟ್ಟಿಮುಟ್ಟಾಗಿರುತ್ತವೆ. ಫೋಟೊಗೂ ಮನೆಗೂ ವ್ಯತ್ಯಾಸ ಕಂಡುಬಂದಲ್ಲಿ ಫೋಟೊವನ್ನೇ ನಂಬತಕ್ಕದ್ದು.

೨. ಮುರಿಯದ ಮೆಟ್ಟಿಲಿನ ರಿಪೇರಿಗೆ ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಟೈಲರಮ್ಮನವರ ಅಳಿಯ, ವೃತ್ತಿಯಿಂದ ಬಡಗಿ, ಎರಡು ಹಲಗೆ ಹೊತ್ತು ಬಂದಿದ್ದು, ಹಲಗೆಗಳ ವಯಸ್ಸಿನ ದೃಢೀಕರಣ ಪತ್ರ ಕೇಳಲಾಗಿ ಹಣೆ ಚಚ್ಚಿಕೊಂಡಿರುತ್ತಾರೆ. ಸದರಿ ಸಮಜಾಯಿಷಿಯನ್ನು ಒಪ್ಪಲಾಗಿಲ್ಲ.

೩. ಕಿಟಕಿಗೆ ಏಣಿ ಇಡತಕ್ಕದ್ದಲ್ಲ. ಏಣಿಯು ಮನೆಯ ಐತಿಹಾಸಿಕ ಮುಂಭಾಗದ ಅಂಗವಾಗಿರುವುದಿಲ್ಲ.

೪. ಊಟದ ಬುಟ್ಟಿಯನ್ನು ಹಗ್ಗದಲ್ಲಿ ಎಳೆದುಕೊಳ್ಳಬಹುದು. ಆದರೆ ಫೋಟೊ ತೆಗೆಯಲು ಬೆಳಕು ಚೆನ್ನಾಗಿರುವ ವೇಳೆಯಲ್ಲಿ ಅಲ್ಲ. ಬುಟ್ಟಿಯ ಬಣ್ಣ ಮನೆಯ ಬಣ್ಣಕ್ಕೆ ಹೊಂದಿಕೆಯಾಗಿರತಕ್ಕದ್ದು.

೫. ಟೈಲರಮ್ಮನವರು ಇಲಾಖೆಯ ವಾಹನ ಕಂಡೊಡನೆ, "ಆ ಫೋಟೊದಲ್ಲಿರೋ ಮೆಟ್ಟಿಲನ್ನೇ ತಂದಿಡ್ರಪ್ಪಾ, ಇಳಿದು ಬರ್ತೀನಿ! ಶುಕ್ರವಾರ ನನ್ನ ಮೊಮ್ಮಗಳ ಮದುವೆ ಕಣ್ರೋ! ಅವಳ ಬಟ್ಟೆ ನಾನೇ ಹೊಲಿಬೇಕು!" ಎಂದು ಕೂಗಿರುತ್ತಾರೆ. ಕೂಗಿನ ಮೇಲೆ ಸ್ವೀಕೃತಿ ಮುದ್ರೆ ಒತ್ತಲು ಆಗದ ಕಾರಣ ಅದನ್ನು ಅರ್ಜಿಯೆಂದು ಪರಿಗಣಿಸಲಾಗಿಲ್ಲ. ಸದರಿ ಮದುವೆಯು ಇಲಾಖೆಯ ಯಾವ ಫೋಟೊದಲ್ಲಿಯೂ ಕಂಡುಬಂದಿರುವುದಿಲ್ಲ.

೬. ಕೂಗುವಾಗ ಕಣ್ಣೀರು ಬಂದಿತ್ತೆಂದು ವಾಹನ ಚಾಲಕರು ವರದಿ ಮಾಡಿರುತ್ತಾರೆ. ಚಾಲಕರು ರಸ್ತೆಯ ಕಡೆ ನೋಡತಕ್ಕದ್ದು.

೭. ಆದಾಗ್ಯೂ, ಅಜ್ಜಿಯಿಲ್ಲದೆ ಮದುವೆ ನಡೆಯುವುದು ಶೋಭೆಯಲ್ಲವೆಂದು ಮನಗಂಡು, ಮಾನವೀಯ ದೃಷ್ಟಿಯಿಂದ ಹಲಗೆ ಬದಲಿಸಲು ವಿಶೇಷ ಅನುಮತಿ ನೀಡಲಾಗಿದೆ. ಅನುಮತಿಯ ಮೂಲ ಪ್ರತಿ ಮನೆಯವರ ಕೈ ಸೇರುವವರೆಗೆ ಒಂದು ಮೊಳೆಯನ್ನೂ ಹೊಡೆಯತಕ್ಕದ್ದಲ್ಲ.

ಸಹಿ/-
ಉಪನಿರ್ದೇಶಕರು (ಮೆಟ್ಟಿಲು ಮತ್ತು ಕಿಟಕಿ)

ಪ್ರತಿಗಳು:

೧. ಫೋಟೊಗ್ರಾಫರರಿಗೆ. ಬೆನ್ನುನೋವಿನ ರಜೆಯಲ್ಲಿರುವುದರಿಂದ ಮನೆಗೇ ತಲುಪಿಸುವುದು.

೨. ಬಡಗಿ ಅಳಿಯನವರಿಗೆ, ಮಾಹಿತಿಗಾಗಿ ಮಾತ್ರ.

೩. ಕಚೇರಿ ಕಡತಕ್ಕೆ.

೪. ಟೈಲರಮ್ಮನವರಿಗೆ: ಮೂಲ ಪ್ರತಿಯನ್ನು ಗುರುವಾರದೊಳಗೆ ಖುದ್ದಾಗಿ ಕಚೇರಿಗೆ ಬಂದು, ಸಹಿ ಹಾಕಿ ಪಡೆಯತಕ್ಕದ್ದು.