ಮೂತಿಗೆ ಇನ್ನಷ್ಟು ಭಾರ

"ಈ ಸಲ ಆ ಬೆಳ್ಳಿ ಬಟ್ಟಲು ನಮ್ಮ ಮನೆಗೆ ಬರದೇ ಹೋದರೆ ನಾನು ವಿಲ್ಫ್ರೆಡ್ ಟ್ರಸ್ಕಾಟೇ ಅಲ್ಲ!" ಎಂದು ನಾರ್ಫೋಕ್ ಸೀಮೆಯ ಆ ಪುಟ್ಟ ಊರಿನ ಅಂಚೆ ಮಾಸ್ತರರು ತಿಂಡಿಯ ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ಬೇಯಿಸಿದ ಮೊಟ್ಟೆ ಉರುಳಿ ಬೆಕ್ಕಿನ ಪಾಲಾಯಿತು.

"ಹೋದ ವರ್ಷವೂ ಇದೇ ಮಾತು," ಎಂದಳು ಹೆಂಡತಿ ಈನಿಡ್. "ಆಮೇಲೆ ನಿಮ್ಮ ವಿಮಾನ ನೆಟ್ಟಗೆ ಪಾದ್ರಿಗಳ ಟೋಪಿ ಮೇಲೆ ಇಳೀತು."

"ಅದು ಗಾಳಿ ಮಾಡಿದ ತಪ್ಪು ಕಣೇ!"

ವಿಮಾನವೆಂದರೆ ಬಾಲ್ಸಾ ಮರದ ಕಡ್ಡಿಗಳಿಗೆ ತೆಳು ಕಾಗದ ಅಂಟಿಸಿ, ಹೊಟ್ಟೆಯೊಳಗಿನ ರಬ್ಬರ್ ಎಳೆ ತಿರುಚಿ ಹಾರಿಸುವಂಥದ್ದು. ಅದಕ್ಕಾಗಿ ಟ್ರಸ್ಕಾಟರು ಚಳಿಗಾಲವಿಡೀ ತಪಸ್ಸು ಮಾಡಿದ್ದರು. ಊಟದ ಮೇಜು ಕಾರ್ಖಾನೆಯಾಯಿತು. ಈನಿಡ್‌ಳ ಟೋಪಿಯ ಪಿನ್ನುಗಳೆಲ್ಲ ರೆಕ್ಕೆ ಹಿಡಿದಿಡಲು ಹೋದವು. ಅಂಟು ಮೆತ್ತಿಕೊಳ್ಳುತ್ತದೆಂದು ಕೈಯಲ್ಲಿದ್ದ ಗಡಿಯಾರ, ಉಂಗುರ ಎಲ್ಲವನ್ನೂ ಬಿಚ್ಚಿ ಪಿನ್ನಿನ ಡಬ್ಬಿಗೆ ಎಸೆದಿದ್ದರು.

ಪಂದ್ಯ ಭಾನುವಾರ; ಯಾರ ವಿಮಾನ ಹೆಚ್ಚು ಹೊತ್ತು ಕಣ್ಣಿಗೆ ಕಾಣುವಂತೆ ಹಾರುತ್ತದೋ ಅವರಿಗೆ ಬೆಳ್ಳಿ ಬಟ್ಟಲು. ಶನಿವಾರ ಮಧ್ಯಾಹ್ನ ಹಿತ್ತಲಿನ ಹುಲ್ಲುಗಾವಲಲ್ಲಿ ಹದ ನೋಡಲು ಎಸೆದರೆ, ಆ ಹಾಳು ವಿಮಾನ ಮೂತಿ ಎತ್ತುವುದು, ತತ್ತರಿಸುವುದು, ದೊಪ್ಪೆಂದು ಬೀಳುವುದು! ಮೂತಿ ತೀರಾ ಹಗುರವಾಗಿತ್ತು. ಜೇಡಿ ಮೆತ್ತಿದರು. ಸಾಲದು. ಇನ್ನೂ ಮೆತ್ತಿದರು. ಜೇಡಿಯೇ ಮುಗಿಯಿತು. ಅಂಗಡಿಗೆ ಆಗಲೇ ಬೀಗ ಬಿದ್ದಿತ್ತು.

ಆಗ ಕಣ್ಣಿಗೆ ಬಿತ್ತು, ಅಡುಗೆಮನೆಯ ಕಿಟಕಿಯ ತಟ್ಟೆಯಲ್ಲಿದ್ದ ಚಿನ್ನದ ಉಂಗುರ! ಈನಿಡ್‌ಳ ತಾಯಿಯದ್ದು. ಹಿಟ್ಟು ನಾದುವಾಗಲಷ್ಟೇ ಅವಳು ಅದನ್ನು ಬೆರಳಿಂದ ತೆಗೆಯುವುದು. ಟ್ರಸ್ಕಾಟರು ಆಚೀಚೆ ನೋಡಿ, ಅದನ್ನು ಜೇಡಿಯೊಳಗೆ ಒತ್ತಿಯೇ ಬಿಟ್ಟರು. ವಿಮಾನ ತೇಲಿತು! ಕೊನೆಯಲ್ಲಿ ಕೂದಲೆಳೆಯಷ್ಟು ಮೂತಿ ಎತ್ತಿತು, ಅಷ್ಟೇ. 'ನಾಳೆ ಮಧ್ಯಾಹ್ನಕ್ಕೆ ಉಂಗುರ ತಟ್ಟೆಗೆ ವಾಪಸ್. ಯಾರಿಗೆ ಗೊತ್ತಾಗುತ್ತೆ?' ಎಂದುಕೊಂಡರು. ಆ ಸಂಜೆ ಈನಿಡ್ ಉಂಗುರದ ಸುದ್ದಿಯನ್ನೇ ಎತ್ತಲಿಲ್ಲ. ಬಚಾವಾದೆ ಎಂದು ಟ್ರಸ್ಕಾಟರು ಎರಡು ಬಟ್ಟಲು ಸೂಪು ಹೆಚ್ಚಿಗೆ ಕುಡಿದರು.

ಭಾನುವಾರ ಹಳೆಯ ವಿಮಾನ ಮೈದಾನದಲ್ಲಿ ಊರೇ ನೆರೆದಿತ್ತು. ಈನಿಡ್ ಬಿಳಿ ಕೈಗವಸು ತೊಟ್ಟು ಬಂದಿದ್ದಳು. ಟ್ರಸ್ಕಾಟರು ಒಮ್ಮೆ ಎಸೆದು ನೋಡಿದರು. ಆಹಾ! ಕೂದಲೆಳೆಯ ದೋಷವೂ ಮಾಯ! ಎದೆ ಉಬ್ಬಿತು. ಆರು ವರ್ಷದಿಂದ ಬಟ್ಟಲನ್ನು ಬಿಟ್ಟುಕೊಡದ ಕಟುಕ ಆಂಬ್ರೋಸ್ ಕಟಲ್‌ಗೆ ಪಾಠ ಶುರುವಾಯಿತು.

"ಹದ ಮಾಡೋದು ಕೈಗೆ ಬರಬೇಕು ಆಂಬ್ರೋಸ್! ಕುರಿ ಕೊಯ್ದ ಹಾಗಲ್ಲ!"

"ಹಾರಿಸು ಮಾರಾಯಾ, ಕತ್ತಲಾಗುತ್ತೆ."

ಎಂಟುನೂರು ಸುತ್ತು ರಬ್ಬರ್ ತಿರುಚಿ, ಉಪದೇಶ ಮುಂದುವರಿಸುತ್ತಲೇ ಟ್ರಸ್ಕಾಟರು ಕೈಬಿಟ್ಟರು. ವಿಮಾನ ಏರಿತು, ಇನ್ನೂ ಏರಿತು. ಬಿಸಿಗಾಳಿಯ ಸುಳಿ ಹಿಡಿದು ಚರ್ಚಿನ ಗೋಪುರಕ್ಕಿಂತ ಮೇಲೇರಿತು.

"ಬಾಲದ ಬತ್ತಿ ಹಚ್ಚಿದ್ಯಾ?" ಎಂದ ಆಂಬ್ರೋಸ್.

ಉಪದೇಶದ ಭರದಲ್ಲಿ ಟ್ರಸ್ಕಾಟರು ಅದನ್ನು ಮರೆತೇಬಿಟ್ಟಿದ್ದರು! ಆ ಬತ್ತಿ ಉರಿದು ದಾರ ಸುಟ್ಟರೆ ಬಾಲ ಮೇಲೆದ್ದು ವಿಮಾನ ಕೆಳಗಿಳಿಯುತ್ತದೆ. ಹಚ್ಚದಿದ್ದರೆ? ಆಕಾಶದ ಪಾಲು!

"ನಿಲ್ಲೋ! ನಿಲ್ಲೋ ಪಾಪಿ!" ಎಂದು ಕೂಗುತ್ತಾ ಓಡಿದರು. ಬಾರ್ಲಿ ಗದ್ದೆ ತುಳಿದರು, ಬೇಲಿಗೆ ಪ್ಯಾಂಟು ಕೊಟ್ಟರು, ಕಾಲುವೆಗೆ ಒಂದು ಬೂಟು ಕೊಟ್ಟರು. ಹೋರಿಯೊಂದು ಅಟ್ಟಿಸಿಕೊಂಡು ಬಂದಾಗಲೂ ಕಣ್ಣು ಮಾತ್ರ ಮೇಲೇ ಇತ್ತು. ವಿಮಾನ ಚುಕ್ಕೆಯಾಗಿ, ಸಮುದ್ರದ ಕಡೆ ಹೋಗಿ, ಕಾಣದಾಯಿತು.

ಒಂಟಿ ಬೂಟಿನಲ್ಲಿ ಕುಂಟುತ್ತಾ ವಾಪಸಾದರೆ ಚಪ್ಪಾಳೆಯೋ ಚಪ್ಪಾಳೆ! "ಹದಿನಾಲ್ಕು ನಿಮಿಷ ಕಣ್ಣಿಗೆ ಕಾಣಿಸ್ತು! ಗೆದ್ದೆ ಕಣಯ್ಯಾ!" ಎಂದು ಆಂಬ್ರೋಸ್ ಬಟ್ಟಲನ್ನು ಕೈಗಿತ್ತ. ಟ್ರಸ್ಕಾಟರು ಅದನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತರು.

"ಈನಿಡ್, ನನ್ನನ್ನ ಕ್ಷಮಿಸು! ಅದರ ಮೂತೀಲಿ ನಿಮ್ಮಮ್ಮನ ಉಂಗುರ ಇತ್ತು ಕಣೇ!"

ಈನಿಡ್ ನಿಧಾನವಾಗಿ ಬಲಗೈಯ ಗವಸು ಕಳಚಿದಳು. ಉಂಗುರ ಬೆರಳಲ್ಲೇ ಇತ್ತು!

"ನಿನ್ನೆ ಸಂಜೇನೇ ಕಿತ್ಕೊಂಡೆ. ಜೇಡೀಲಿ ಮಿಣುಕ್ತಾ ಇತ್ತು."

"ಅಯ್ಯೋ, ನನ್ನ ಬಂಗಾರ!" ಟ್ರಸ್ಕಾಟರಿಗೆ ಹೋದ ಜೀವ ಬಂದಂತಾಯಿತು. "ಮತ್ತೆ ಮೂತಿಗೆ ಏನಿಟ್ಟೆ?"

"ಇದಕ್ಕಿಂತ ಚೂರು ಭಾರದ್ದು. ಎಸೆದೂ ನೋಡಿದೆ, ಚೆನ್ನಾಗಿ ತೇಲ್ತು. ಜನವರಿಯಿಂದ ಪಿನ್ನಿನ ಡಬ್ಬೀಲಿ ಬಿದ್ದಿತ್ತು, ಯಾರೂ ಕೇಳಲಿಲ್ಲ. ಬೇಡ್ವೇನೋ ಅಂದ್ಕೊಂಡೆ."

ಟ್ರಸ್ಕಾಟರು ತಮ್ಮ ಎಡಗೈ ನೋಡಿಕೊಂಡರು. ಮದುವೆಯುಂಗುರ ಇರಬೇಕಾದ ಬೆರಳು ಬೋಳಾಗಿತ್ತು.

"ಅಂದ್ರೆ ಹದ ಮಾಡಿದ್ದು..." ಎಂದು ಆಂಬ್ರೋಸ್ ಹೊಟ್ಟೆ ಹಿಡಿದು ನಗತೊಡಗಿದ.

ಈನಿಡ್ ಬಟ್ಟಲನ್ನು ಗಂಡನ ಕೈಯಿಂದ ಇಸಿದುಕೊಂಡು ಕಂಕುಳಲ್ಲಿ ಇರುಕಿಕೊಂಡಳು. "ಬನ್ನಿ ಆಂಬ್ರೋಸ್, ಮನೇಲಿ ಟೀ ಕುಡಿಯೋಣ."

"ಮತ್ತೆ ನಾನು?" ಎಂದರು ಟ್ರಸ್ಕಾಟರು.

"ನೀವ್ಯಾರೋ ನಂಗೊತ್ತಿಲ್ಲಪ್ಪ," ಎಂದಳು ಈನಿಡ್. "ನನ್ನನ್ನ ಮದುವೆಯಾದ ಟ್ರಸ್ಕಾಟರು ಈಗಷ್ಟೇ ಹಾಲೆಂಡ್ ಕಡೆ ಹಾರಿಹೋದ್ರು."